ಒಂದು ರಸ್ತೆ, ನಾಲ್ಕು ಹೆಸರು: ನಮ್ಮ ಹೆದ್ದಾರಿ ಇಲ್ಲಿಗೆ ಬಂದ ಬಗೆ

ದಾವಣಗೆರೆಯ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಪಿ.ಬಿ. ರಸ್ತೆ. ಆಟೊದವರಿಗೂ, ತರಕಾರಿಯವರಿಗೂ, ಕಾಲೇಜು ಹುಡುಗರಿಗೂ ಅದು ಪಿ.ಬಿ. ರಸ್ತೆಯೇ. ಊರಾಚೆ ಲಾರಿಗಳು ಸಾಲುಗಟ್ಟಿ ಓಡುವ ಆರು ಪಥದ ರಸ್ತೆಗೆ ನಮ್ಮ ಅಪ್ಪನ ವಯಸ್ಸಿನವರು ಇವತ್ತಿಗೂ ‘ಎನ್‌ಎಚ್ ಫೋರ್’ ಅನ್ನುತ್ತಾರೆ. ಅದೇ ರಸ್ತೆಯ ಫಲಕದಲ್ಲಿ ಬರೆದಿರುವುದು 48. ಅಂತರರಾಷ್ಟ್ರೀಯ ನಕ್ಷೆ ತೆಗೆದರೆ ಇದೇ ಗೆರೆಯ ಮೇಲೆ ‘ಏಷ್ಯನ್ ಹೆದ್ದಾರಿ 47’ ಎಂದೂ ಇದೆ. ಹಳೆಯ ಕ್ರಯಪತ್ರಗಳ ಚೆಕ್ಕುಬಂದಿಯಲ್ಲಿ ಈ ಸಂಖ್ಯೆಗಳು ಯಾವುವೂ ಇಲ್ಲ, ‘ಪೂನಾ–ಬೆಂಗಳೂರು ರಸ್ತೆ’ ಎಂದು ಮಾತ್ರ ಇರುತ್ತದೆ; ಪಿ.ಬಿ. ಅದರದೇ ಗಿಡ್ಡ ರೂಪ.

ಈ ಹೆಸರುಗಳ ಗೊಂದಲ ನನಗೆ ಹೊಸದಲ್ಲ. ಆದರೆ ಇದನ್ನು ಬಿಡಿಸಿ ಬರೆಯಬೇಕು ಅನ್ನಿಸಿದ್ದು ಜಗಳೂರು ಕಡೆಯ ಸೋದರಮಾವ ಫೋನ್ ಮಾಡಿದ ದಿನ. ಪುಣೆಯಿಂದ ಬೆಂಗಳೂರಿಗೆ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿ ಬರುತ್ತದೆ, ಅದು ತಮ್ಮ ಹೊಲದ ಆಸುಪಾಸಿನಲ್ಲೇ ಹಾಯುತ್ತದೆ ಎಂಬ ಸುದ್ದಿ ಅವರ ಊರಿನಲ್ಲಿ ಹಬ್ಬಿತ್ತು. “ಅಲ್ಲಪ್ಪಾ, ದಾವಣಗೆರೆ ಮೇಲೆ ಅಷ್ಟು ಚಂದದ ರೋಡ್ ಐತಿ. ಅದನ್ ಬಿಟ್ಟು ಇಲ್ಲಿಗ್ಯಾಕ್ ಬರ್ತಾರೆ?” ಅಂದರು.

ಈ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಇನ್ನೊಂದನ್ನು ಕೇಳಬೇಕಾಗುತ್ತದೆ. ಈಗಿರುವ ರಸ್ತೆ ದಾವಣಗೆರೆ, ಚಿತ್ರದುರ್ಗದ ಮೇಲೇ ಯಾಕೆ ಹಾದುಹೋಯಿತು?

ದಾರಿ, ರಸ್ತೆ, ಸಂಖ್ಯೆ

ಇವು ಮೂರು ಬೇರೆ ಬೇರೆ ಸಂಗತಿಗಳು. ನಮ್ಮ ಊರ ಮನೆಗಳನ್ನೇ ನೆನೆದರೆ ಸುಲಭವಾಗಿ ತಿಳಿಯುತ್ತದೆ. ಮನೆತನ ಒಂದು, ಮನೆಯ ಕಟ್ಟಡ ಒಂದು, ಬಾಗಿಲಿಗೆ ಹೊಡೆದ ನಂಬರ್ ತಗಡು ಇನ್ನೊಂದು. ಮನೆತನ ನೂರಾರು ವರ್ಷ ನಡೆದು ಬಂದಿರುತ್ತದೆ. ಮನೆಯನ್ನು ತಾತ ಮಣ್ಣಿನಲ್ಲಿ ಕಟ್ಟಿದ್ದರೆ ಮೊಮ್ಮಗ ಆರ್‌ಸಿಸಿ ಹಾಕಿಸಿರುತ್ತಾನೆ, ನಾಲ್ಕು ಅಡಿ ಪಕ್ಕಕ್ಕೆ ಸರಿಸಿಯೂ ಇರಬಹುದು. ತಗಡನ್ನು ನಗರಸಭೆಯವರು ಬಂದು ಯಾವಾಗ ಬೇಕಾದರೂ ಬದಲಿಸುತ್ತಾರೆ.

ಹೆದ್ದಾರಿಯ ಕಥೆಯೂ ಇದೇ. ಜನ, ದನ, ದಂಡು, ಸರಕು ಒಂದು ಸೀಮೆಯಿಂದ ಇನ್ನೊಂದಕ್ಕೆ ಹೋಗಿ ಬರುವ ರೂಢಿಯ ದಿಕ್ಕು ‘ದಾರಿ’. ಹಳಗನ್ನಡದಲ್ಲಿ ಇದಕ್ಕೆ ‘ಬಟ್ಟೆ’ ಎಂದು ಹೆಸರು, ದೊಡ್ಡದಾದರೆ ‘ಹೆಬ್ಬಟ್ಟೆ’. ಆ ದಾರಿಯ ಮೇಲೆ ಸರ್ಕಾರ ಮಣ್ಣು ಹಾಕಿ, ಜಲ್ಲಿ ಹಾಸಿ, ಮೋರಿ ಕಟ್ಟಿ ಮಾಡಿದ್ದು ‘ರಸ್ತೆ’. ಆ ರಸ್ತೆಯ ಖರ್ಚು ಯಾರದು, ಉಸ್ತುವಾರಿ ಯಾರದು ಎಂದು ಗುರುತಿಸಲು ಗೆಜೆಟ್‌ನಲ್ಲಿ ಕೊಟ್ಟದ್ದು ‘ಸಂಖ್ಯೆ’.

ರಸ್ತೆಯ ಮಾತು ಬಂದಾಗ ಇನ್ನೆರಡು ಪದಗಳೂ ಕಿವಿಗೆ ಬೀಳುತ್ತವೆ. ರಸ್ತೆಯ ನಡುಗೆರೆ ಯಾವ ಸರ್ವೆ ನಂಬರುಗಳ ಮೇಲೆ ಹಾಯಬೇಕು ಎಂದು ಎಂಜಿನಿಯರುಗಳು ಎಳೆಯುವ ರೇಖೆಗೆ ‘ಅಲೈನ್‌ಮೆಂಟ್’ ಅನ್ನುತ್ತಾರೆ. ರಸ್ತೆ ಶುರುವಾದಲ್ಲಿಂದ ಒಂದು ಜಾಗ ಎಷ್ಟು ದೂರದಲ್ಲಿದೆ ಎಂಬ ಲೆಕ್ಕ ‘ಚೈನೇಜ್’. ಚೈನ್ ಎಂದರೆ ಸರ್ವೆಯವರ ಸರಪಳಿ. ಇಂಗ್ಲಿಷರ ಸರಪಳಿಯ ಉದ್ದ 66 ಅಡಿ, ಅಂಥ 80 ಸೇರಿದರೆ ಒಂದು ಮೈಲಿ. ನಮ್ಮ ರೈತರ ಗುಂಟೆ ಅದರ ಅರ್ಧದ ಚೌಕ: 33 ಅಡಿ ಉದ್ದ, 33 ಅಡಿ ಅಗಲ. ರಸ್ತೆ ಅಳೆದ ಕಬ್ಬಿಣವೂ ಹೊಲ ಅಳೆದ ಕಬ್ಬಿಣವೂ ಒಂದೇ ಮನೆಯವು ಎಂದು ತಿಳಿದಾಗ ನನಗೆ ಬಹಳ ಖುಷಿಯಾಗಿತ್ತು.

ನೆಲವೇ ಎಳೆದ ಗೆರೆ

ಬೆಂಗಳೂರಿನಿಂದ ಪುಣೆಯ ಕಡೆ ಹೊರಟವನಿಗೆ ಪಶ್ಚಿಮದಲ್ಲಿ ಸಹ್ಯಾದ್ರಿ. ಅದರ ಮಡಿಲಿನ ಮಲೆನಾಡಿನಲ್ಲಿ ಕಾಡು, ಮಳೆ, ಹೆಜ್ಜೆಹೆಜ್ಜೆಗೂ ಹಳ್ಳ. ಗಾಡಿ ಹೊಡೆಯುವವರು ಅತ್ತ ಹೋಗಲಾರರು. ತೀರಾ ಪೂರ್ವಕ್ಕೆ ಹೋದರೆ ನೀರು ಕಡಿಮೆ, ಊರುಗಳು ದೂರ ದೂರ. ಇವೆರಡರ ನಡುವೆ ಬಯಲುಸೀಮೆಯ ಒಂದು ಪಟ್ಟಿ ಇದೆ. ನೆಲ ಹೆಚ್ಚುಕಡಿಮೆ ಸಮತಟ್ಟು, ಕೆರೆಗಳಿವೆ, ದೊಡ್ಡ ಘಟ್ಟ ಹತ್ತಿಳಿಯುವ ಕಷ್ಟವಿಲ್ಲ. ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ, ರಾಣೆಬೆನ್ನೂರು ಎಲ್ಲವೂ ಆ ಪಟ್ಟಿಯ ಮೇಲಿವೆ.

ಈ ಹಾದಿಗೆ ಅಡ್ಡ ಬರುವ ದೊಡ್ಡ ತೊಡಕು ಒಂದೇ, ತುಂಗಭದ್ರಾ. ಅದನ್ನು ಎಲ್ಲಿ ದಾಟಬೇಕು? ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ತುಂಗೆ ಭದ್ರೆ ಸೇರುತ್ತವೆ. ಅದಕ್ಕಿಂತ ಮೇಲೆ ದಾಟಿದರೆ ಎರಡು ಹೊಳೆ ದಾಟಬೇಕು, ಕೆಳಗೆ ದಾಟಿದರೆ ಒಂದೇ. ಹರಿಹರ ಇರುವುದು ಕೂಡಲಿಯಿಂದ ಕೆಳಗೆ. ಬೆಂಗಳೂರು–ಪುಣೆ ನಡುವೆ ನೇರ ದಾರ ಹಿಡಿದರೂ ಅದು ಬಹಳ ದೂರ ಹೋಗುವುದಿಲ್ಲ. ಹಾಗಾಗಿ ರಸ್ತೆ ಎಷ್ಟು ಸಲ ಅತ್ತಿತ್ತ ಸರಿದರೂ ಹರಿಹರ ಮಾತ್ರ ಕದಲದೆ ಉಳಿದ ಗೂಟ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಅಲ್ಲಿ ಹರಿಹರೇಶ್ವರ ಗುಡಿ ಕಟ್ಟಿಸಿದ. ಅಷ್ಟು ದೊಡ್ಡ ಗುಡಿ ಹೊಳೆ ದಾಟುವ ಜಾಗದಲ್ಲೇ ಎದ್ದದ್ದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ.

ಎಲ್ಲಕ್ಕಿಂತ ಹಳೆಯ ಸುಳಿವು

ದಾರಿ ತನ್ನ ಬಗ್ಗೆ ಬರೆದಿಟ್ಟುಕೊಳ್ಳುವುದಿಲ್ಲ. ದಾರಿಯಲ್ಲಿ ಬಂದವರು ಬಿಟ್ಟುಹೋದ ವಸ್ತುಗಳಿಂದಲೇ ಅದನ್ನು ಕಾಣಬೇಕು. ಅಂಥ ವಸ್ತುಗಳ ವಿಷಯದಲ್ಲಿ ಚಿತ್ರದುರ್ಗ ಜಿಲ್ಲೆಯಷ್ಟು ಶ್ರೀಮಂತ ಜಾಗ ಕಡಿಮೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಕಾಲದ ಬಂಡೆಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ‘ಇಸಿಲ’ದ ಮಹಾಮಾತ್ರರಿಗೆ ಕಳಿಸಿದ ಆದೇಶ ಅದು. ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಒಂದು ಆಡಳಿತ ಕೇಂದ್ರದಿಂದ ನಮ್ಮ ಜಿಲ್ಲೆಯ ಇನ್ನೊಂದು ಕೇಂದ್ರಕ್ಕೆ ಓಲೆ ಬರುತ್ತಿತ್ತು, ಓಲೆ ತರುವವನಿಗೆ ಗೊತ್ತಾದ ದಾರಿ ಇತ್ತು. ಇನ್ನೂ ಬೆರಗಿನ ಸಂಗತಿ ಶಾಸನದ ಕೊನೆಯಲ್ಲಿದೆ. ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕಾರ’ ಎಂಬ ಮಾತನ್ನು ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದುದು ಗಾಂಧಾರದ ಕಡೆ. ವಾಯವ್ಯ ಗಡಿಯ ಆ ಅಕ್ಷರ ಮೊಳಕಾಲ್ಮೂರಿನ ಬಂಡೆಯವರೆಗೆ ಬಂದಿದೆ ಎಂದರೆ ನಡುವಿನ ದಾರಿ ಎಷ್ಟು ಉದ್ದದ್ದಿರಬೇಕು ನೋಡಿ.

ಚಿತ್ರದುರ್ಗದ ಕೋಟೆಯ ಬೆನ್ನಿಗಿರುವ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕಿವೆ. ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದು ಅಭ್ಯಸಿಸಿದರು. ಕಡಲಂಚಿನಿಂದ ಇಷ್ಟು ಒಳಗೆ ರೋಮಿನ ಬೆಳ್ಳಿ ಬಂದಿದೆಯೆಂದರೆ ವ್ಯಾಪಾರದ ದಾರಿಯೊಂದು ಇಲ್ಲಿ ಹಾದಿತ್ತು ಎಂದೇ ಅರ್ಥ.

ಇಲ್ಲಿ ಒಂದು ಎಚ್ಚರ ಬೇಕು. ಬ್ರಹ್ಮಗಿರಿ ಇರುವುದು ಇಂದಿನ ಹೆದ್ದಾರಿಯ ಮೇಲಲ್ಲ, ಅದಕ್ಕಿಂತ ಬಹಳ ಪೂರ್ವಕ್ಕೆ, ಬಳ್ಳಾರಿಯ ದಿಕ್ಕಿಗೆ. ಅಶೋಕನ ಕಾಲದ ದಾರಿಯೇ ಇಂದಿನ ಹೆದ್ದಾರಿ ಎಂದರೆ ತಪ್ಪಾಗುತ್ತದೆ. ಅಧಿಕಾರದ ಕೇಂದ್ರ ಎಲ್ಲಿತ್ತೋ ದಾರಿ ಅತ್ತ ವಾಲುತ್ತಿತ್ತು.

ನಡುವಿನ ಶತಮಾನಗಳನ್ನು ದಾಟಿ ಶಿರಾಕ್ಕೆ ಬರೋಣ. 1687ರಲ್ಲಿ ಮೊಗಲರು ದಕ್ಷಿಣದ ಹೊಸ ಸುಬಾ (ಪ್ರಾಂತ) ಮಾಡಿ ಶಿರಾವನ್ನು ಅದರ ಕೇಂದ್ರವಾಗಿಸಿದರು. ಉತ್ತರದಿಂದ ಅಧಿಕಾರಿ, ಸೈನ್ಯ, ಸರಕು ಎಲ್ಲವೂ ಶಿರಾಕ್ಕೆ ಬರಬೇಕಾಯಿತು. ಹಿರಿಯೂರು, ಚಿತ್ರದುರ್ಗ, ಹರಿಹರದ ಸಾಲು ಆಗ ದಂಡಿನ ದಾರಿ. ಅದೇ ಸಾಲಿನಲ್ಲಿ ಮರಾಠರ ದಂಡೂ ಬಂತು. ಚಿತ್ರದುರ್ಗದ ಪಾಳೆಯಗಾರರಿಗೆ ಈ ದಾರಿಯ ಮೇಲೆ ಕಣ್ಣಿಡಲು ಏಳು ಸುತ್ತಿನ ಕೋಟೆಯ ಬೆಟ್ಟಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ. 1779ರಲ್ಲಿ ಹೈದರ್ ಅಲಿ ಕೋಟೆ ಹಿಡಿದ.

ದಾವಣಗೆರೆ ಈ ಕಥೆಗೆ ತಡವಾಗಿ ಸೇರಿದ ಊರು. ಮೊದಲು ಹೆಸರಿದ್ದದ್ದು ಪಕ್ಕದ ಬೇತೂರಿಗೆ, ದಾವಣಗೆರೆ ಅದರ ಮಗ್ಗುಲ ಹಳ್ಳಿ. ಹೈದರ್ ಅಲಿ ಇದನ್ನು ಅಪ್ಪಾಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ. ಅವನು ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಓಡಾಡಿದಾಗ ದಾವಣಗೆರೆ ಆಗಲೇ ವ್ಯಾಪಾರದ ಊರಾಗಿತ್ತು, ಇಲ್ಲಿನ ಕಂಬಳಿಗೆ ದೂರದ ಊರುಗಳಲ್ಲೂ ಬೆಲೆ ಇತ್ತು.

ಗಾಡಿ ಜಾಡು ರಸ್ತೆಯಾದದ್ದು

1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ್‌ಗಳ ಕೈಗೆ ಹೋಯಿತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಸುಮಾರು 1,600 ಮೈಲಿ ರಸ್ತೆ ಕಟ್ಟಲಾಯಿತು. ಬೆಂಗಳೂರಿನಿಂದ ಹರಿಹರದ ಮೇಲೆ ಧಾರವಾಡಕ್ಕೆ ಹೋಗುವ ದೊಡ್ಡ ರಸ್ತೆ ಅದರ ಮುಖ್ಯ ನರ. ಕಾರಣ ಸರಳ. ಬೆಂಗಳೂರಿನಲ್ಲಿ ದಂಡು, ಬೆಳಗಾವಿಯಲ್ಲಿ ದಂಡು, ನಡುವೆ ಹರಿಹರದಲ್ಲೂ 1865ರವರೆಗೆ ಒಂದು ದಂಡಿನ ಪಾಳೆಯ. ಇವನ್ನು ಜೋಡಿಸುವ ರಸ್ತೆ ಮಳೆಗಾಲದಲ್ಲೂ ಮುಚ್ಚುವಂತಿರಲಿಲ್ಲ.

ಮಳೆಗಾಲ ಎಂದರೆ ಏನೆಂದು ಎರೆಹೊಲ ಇರುವವರಿಗೆ ಹೇಳಬೇಕಿಲ್ಲ. ಹಿರಿಯೂರು, ಚಿತ್ರದುರ್ಗದ ಕೆಮ್ಮಣ್ಣು ಮಳೆ ನಿಂತ ಸ್ವಲ್ಪ ಹೊತ್ತಿಗೆ ಗಟ್ಟಿಯಾಗುತ್ತದೆ. ದಾವಣಗೆರೆ ದಾಟಿ ಹರಿಹರ, ರಾಣೆಬೆನ್ನೂರಿನ ಕಡೆ ಹೋದಂತೆ ಸಿಗುವ ಎರೆಮಣ್ಣು ಹಾಗಲ್ಲ. ಒಣಗಿದಾಗ ಕೈ ತೂರುವಷ್ಟು ಬಿರುಕು, ನೆನೆದಾಗ ಗಾಲಿಯ ಗುಂಬದವರೆಗೆ ಕೆಸರು. ಒಡೆದ ಜಲ್ಲಿಯನ್ನು ಪದರ ಪದರವಾಗಿ ಹಾಸಿ, ನೀರು ಹಾಯಿಸಿ, ಉರುಳೆ ಓಡಿಸಿ ಗಟ್ಟಿ ಮಾಡುವ ಮೆಕ್ಯಾಡಂ ಪದ್ಧತಿ ಬಂದ ಮೇಲೆಯೇ ಇಲ್ಲಿ ಹನ್ನೆರಡು ತಿಂಗಳೂ ಗಾಡಿ ಓಡಲು ಸಾಧ್ಯವಾದದ್ದು.

ಗಾಡಿಯ ವೇಗವೇ ಊರುಗಳ ನಡುವಿನ ಅಂತರವನ್ನೂ ತೀರ್ಮಾನಿಸಿತು ಎಂದು ನಾನು ನಂಬಿದ್ದೇನೆ. ಜೋಡೆತ್ತಿನ ಗಾಡಿ ಹೊರೆ ಹೊತ್ತು ದಿನಕ್ಕೆ 20–25 ಕಿ.ಮೀ. ಸಾಗುತ್ತದೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿ.ಮೀ., ಹೆಚ್ಚುಕಡಿಮೆ ನಡುವೆ ಐಮಂಗಲ. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿ.ಮೀ., ನಡುವೆ ಭರಮಸಾಗರ, ಆಮೇಲೆ ಆನಗೋಡು. ಎತ್ತಿಗೆ ನೀರು, ಮನುಷ್ಯನಿಗೆ ಮುದ್ದೆ, ರಾತ್ರಿಗೆ ಒಂದು ಕಟ್ಟೆ ಸಿಗುವ ಅಂತರ ಇದು.

ಈ ರಸ್ತೆಯ ಮೇಲಿನ ದೊಡ್ಡ ಕೆಲಸ ಹರಿಹರದ ಸೇತುವೆ. ಅದಕ್ಕೂ ಮೊದಲು ಹೊಳೆ ತುಂಬಿದರೆ ಹರಿಗೋಲೇ ಗತಿ. ಎತ್ತು ಬಿಚ್ಚಿ, ಸರಕು ಇಳಿಸಿ, ಗಾಡಿಯನ್ನೇ ಬಿಡಿಸಿ ದಾಟಿಸಬೇಕಿತ್ತು. 1868ರಲ್ಲಿ ಕಲ್ಲು ಇಟ್ಟಿಗೆಯ ಸೇತುವೆ ಮುಗಿಯಿತು. ತಲಾ 60 ಅಡಿ ಅಗಲದ 14 ಕಮಾನುಗಳು, ಖರ್ಚು 3 ಲಕ್ಷ ರೂಪಾಯಿಯ ಹತ್ತಿರ. ಆ ಕಾಲದ ಮೈಸೂರಿನ ದೊಡ್ಡ ಕಾಮಗಾರಿಗಳಲ್ಲಿ ಅದೂ ಒಂದು. ಹೊಳೆಯ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತ. ಅಲ್ಲಿಯವರೆಗೆ ಹೊಳೆಯ ಹತ್ತಿರ ಬಂದು ನಿಲ್ಲುತ್ತಿದ್ದ ಎರಡು ಸರ್ಕಾರಗಳ ಎರಡು ರಸ್ತೆಗಳು ಸೇತುವೆಯ ಮೇಲೆ ಒಂದಾದವು. ಪೂನಾ–ಬೆಂಗಳೂರು ರಸ್ತೆ ಎಂದು ಒಂದೇ ಉಸಿರಿನಲ್ಲಿ ಹೇಳಲು ಅರ್ಥ ಬಂದದ್ದು ಆಗಲೇ ಎಂದು ನಾನು ಓದಿಕೊಳ್ಳುತ್ತೇನೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲೂ ಹಳೆಯ ಮುಖ್ಯರಸ್ತೆಗೆ ಪಿ.ಬಿ. ರಸ್ತೆ ಎಂದೇ ಹೆಸರು. ದಾವಣಗೆರೆಯವನು ಬೆಳಗಾವಿಯಲ್ಲಿ ಇಳಿದು ಪಿ.ಬಿ. ರಸ್ತೆ ಕೇಳಿದರೆ ಅವನು ತನ್ನೂರಿನ ರಸ್ತೆಯ ಇನ್ನೊಂದು ತುದಿಯಲ್ಲಿರುತ್ತಾನೆ.

ರೈಲು ಬೇರೆ ಹಾದಿ ಹಿಡಿಯಿತು

ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂತು, ಅದು ಹರಿಹರ ಮುಟ್ಟಿದ್ದು 1889ರಲ್ಲಿ. ಆದರೆ ತುಮಕೂರಿನಿಂದ ಅದು ರಸ್ತೆಯ ಜೊತೆ ಶಿರಾ, ಹಿರಿಯೂರಿಗೆ ಬರಲಿಲ್ಲ. ಪಶ್ಚಿಮಕ್ಕೆ ತಿರುಗಿ ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ಚಿಕ್ಕಜಾಜೂರು ಸುತ್ತಿಕೊಂಡು ದಾವಣಗೆರೆಗೆ ಬಂತು. ಚಿತ್ರದುರ್ಗಕ್ಕೆ ಆಮೇಲೆ ಚಿಕ್ಕಜಾಜೂರಿನಿಂದ ಒಂದು ಕವಲು ಹಾಕಿದರು.

ಇದರ ಪರಿಣಾಮ ಇಂದಿಗೂ ಇದೆ. ಬೆಂಗಳೂರಿನಿಂದ ದಾವಣಗೆರೆಗೆ ರಸ್ತೆಯಲ್ಲಿ ಸುಮಾರು 260 ಕಿ.ಮೀ., ರೈಲಿನಲ್ಲಿ 320 ಕಿ.ಮೀ. ದಾಟುತ್ತದೆ. ದಾವಣಗೆರೆಗೆ ರಸ್ತೆಯೂ ಸಿಕ್ಕಿತು, ಮುಖ್ಯ ರೈಲು ಮಾರ್ಗವೂ ಸಿಕ್ಕಿತು. ಹತ್ತಿ ಮಂಡಿ, ಗಿರಣಿಗಳು ಇಲ್ಲಿ ಬೆಳೆಯಲು ಇದೂ ಒಂದು ಕಾರಣ. ಕೋಟೆ, ಅರಸೊತ್ತಿಗೆ, ಜಿಲ್ಲಾ ಕೇಂದ್ರ ಎಲ್ಲ ಇದ್ದ ಚಿತ್ರದುರ್ಗಕ್ಕೆ ಮುಖ್ಯ ಮಾರ್ಗ ಸಿಗಲಿಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ತಾನೇ ಜಿಲ್ಲೆಯಾಯಿತು. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಮಾರ್ಗದ ಕೆಲಸ ಈಗ ನಡೆಯುತ್ತಿದೆ, ಉದ್ದ ಸುಮಾರು 191 ಕಿ.ಮೀ. ನೂರು ವರ್ಷ ದಾಟಿದ ಮೇಲೆ ರೈಲು ಹಳೆಯ ದಾರಿಗೇ ಮರಳುತ್ತಿದೆ.

4 ಹೋಗಿ 48 ಬಂದದ್ದು

1943ರಲ್ಲಿ ದೇಶದ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸೇರಿ ರಸ್ತೆಗಳನ್ನು ದರ್ಜೆಗಳಾಗಿ ವಿಂಗಡಿಸಿದರು: ರಾಷ್ಟ್ರೀಯ ಹೆದ್ದಾರಿ, ಪ್ರಾಂತದ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ. ಯಾವುದರ ಖರ್ಚನ್ನು ಯಾರು ಹೊರಬೇಕು ಎಂಬುದು ಇದರ ತಿರುಳು. 1947ರ ಏಪ್ರಿಲ್ 1ರಿಂದ ರಾಷ್ಟ್ರೀಯ ಹೆದ್ದಾರಿಗಳ ಹೊಣೆಯನ್ನು ಕೇಂದ್ರ ಹೊತ್ತುಕೊಂಡಿತು. 1956ರಲ್ಲಿ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಬಂತು. ಅದೇ ವರ್ಷದ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಗಿ ಹರಿಹರದ ಹೊಳೆಯ ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದವು. ಈಗ ಅದು ದಾವಣಗೆರೆ, ಹಾವೇರಿ ಜಿಲ್ಲೆಗಳ ಗಡಿ ಅಷ್ಟೇ.

ಆಗಿನ ಪಟ್ಟಿಯಲ್ಲಿ ನಮ್ಮ ರಸ್ತೆಗೆ ಸಿಕ್ಕಿದ್ದು 4. ಠಾಣೆಯ ಹತ್ತಿರ ಶುರುವಾಗಿ ಪುಣೆ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ಬೆಂಗಳೂರು, ಕೋಲಾರ, ಚಿತ್ತೂರು, ರಾಣಿಪೇಟೆ ಮೇಲೆ ಮದ್ರಾಸಿಗೆ ಹೋಗುವ ಸುಮಾರು 1,235 ಕಿ.ಮೀ. ರಸ್ತೆ ಅದು. ಮುಂಬೈ–ಮದ್ರಾಸ್ ಜೋಡಿಸುವ ಹಳೆಯ ಟ್ರಂಕ್ ರಸ್ತೆಗೇ ಹೊಡೆದ ಹೊಸ ತಗಡು.

ಪಟ್ಟಿ ಬೆಳೆಯುತ್ತಾ ಹೋದಂತೆ ಸಂಖ್ಯೆ ನೋಡಿ ರಸ್ತೆ ಎಲ್ಲಿದೆ ಎಂದು ಹೇಳಲಾಗದ ಸ್ಥಿತಿ ಬಂತು. 2010ರಲ್ಲಿ ಕೇಂದ್ರ ಹೊಸ ಕ್ರಮ ತಂದಿತು. ಉತ್ತರ–ದಕ್ಷಿಣ ಹೋಗುವ ಹೆದ್ದಾರಿಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಏರುತ್ತದೆ. ಪೂರ್ವ–ಪಶ್ಚಿಮ ಹೋಗುವುದಕ್ಕೆ ಬೆಸಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ. ಮೂರು ಅಂಕಿ ಇದ್ದರೆ ಅದು ಕವಲು, ಕೊನೆಯ ಎರಡು ಅಂಕಿ ತಾಯಿ ಹೆದ್ದಾರಿಯದು.

ಚಿತ್ರದುರ್ಗದಲ್ಲಿ ನಿಂತು ಇದನ್ನು ಪರೀಕ್ಷಿಸಬಹುದು. 48 ಸಮಸಂಖ್ಯೆ, ಉತ್ತರ–ದಕ್ಷಿಣ. ಹೊಸಪೇಟೆ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ಮುಗಿಯುವ 50 ಕೂಡ ಹಾಗೆಯೇ. ಹೊಳಲ್ಕೆರೆ ಮೇಲೆ ಶಿವಮೊಗ್ಗಕ್ಕೆ ಹೋಗುವ 369 ಮೂರಂಕಿ, ಅಂದರೆ ಶಿವಮೊಗ್ಗದ ಮೇಲೆ ಹಾಯುವ 69ರ ಮಗಳು. ಹಿರಿಯೂರನ್ನು ಅಡ್ಡ ಹಾಯ್ದು ಬಳ್ಳಾರಿಯಿಂದ ಮೈಸೂರಿನ ಕಡೆ ಹೋಗುವ 150ಎ, ಅದು 50ರ ಕವಲು. ಮೊದಲು ಸೊಲ್ಲಾಪುರದಿಂದ ಚಿತ್ರದುರ್ಗದ ಮೇಲೆ ಮಂಗಳೂರಿಗೆ ಒಂದೇ ಸಂಖ್ಯೆ ಇತ್ತು, 13. ಅದನ್ನು ತುಂಡು ಮಾಡಿ ಹಂಚಿದರು.

ಹೊಸ 48 ದೆಹಲಿಯಿಂದ ಜೈಪುರ, ಅಹಮದಾಬಾದ್, ಮುಂಬೈ, ಪುಣೆ, ಬೆಂಗಳೂರು ಮೇಲೆ ಚೆನ್ನೈಗೆ ಹೋಗುತ್ತದೆ, ಉದ್ದ ಸುಮಾರು 2,800 ಕಿ.ಮೀ. ಹಳೆಯ 8, 4, 7, 46 ಎಂಬ ನಾಲ್ಕು ಹೆದ್ದಾರಿಗಳ ತುಂಡುಗಳನ್ನು ಹೊಲಿದು ಮಾಡಿದ್ದು ಇದು. ಬೆಂಗಳೂರಿನಿಂದಾಚೆ ಕೋಲಾರದ ದಾರಿಯನ್ನು ಬಿಟ್ಟು ಹೊಸೂರು, ಕೃಷ್ಣಗಿರಿ, ವೆಲ್ಲೂರಿನ ದಾರಿ ಹಿಡಿಯುತ್ತದೆ. ಬಿಟ್ಟುಹೋದ 4 ಎಲ್ಲಿಗೆ ಹೋಯಿತು ಎಂದು ಕೇಳುವವರಿಗೆ: ಈಗ ಅದು ಅಂಡಮಾನ್ ದ್ವೀಪದ ಹೆದ್ದಾರಿ. ನಮ್ಮ 13 ಅರುಣಾಚಲ ಪ್ರದೇಶದಲ್ಲಿದೆ.

ಊರೊಳಗಿಂದ ಊರಾಚೆಗೆ

1999ರ ಜನವರಿಯಲ್ಲಿ ಪ್ರಧಾನಿ ವಾಜಪೇಯಿ ಸುವರ್ಣ ಚತುಷ್ಪಥ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ 5,846 ಕಿ.ಮೀ. ರಸ್ತೆ, ಅದರಲ್ಲಿ ಮುಂಬೈ–ಚೆನ್ನೈ ತೋಳು 1,290 ಕಿ.ಮೀ. ನಮ್ಮ ಜಿಲ್ಲೆಗಳ ಮಟ್ಟಿಗೆ ಕಬ್ಬನ್ ಕಾಲದ ನಂತರದ ದೊಡ್ಡ ಬದಲಾವಣೆ ಇದೇ. ಅಲ್ಲಿಯವರೆಗೆ ಅಗಲವಾಗುತ್ತಿದ್ದ ರಸ್ತೆ ಈಗ ಜಾಗ ಬದಲಿಸಿತು. ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರ ಎಲ್ಲ ಕಡೆ ಊರು ಬಿಟ್ಟು ಬೈಪಾಸ್ ಬಂತು. ಆಮೇಲೆ ನಾಲ್ಕು ಪಥ ಆರಾಯಿತು.

ಬೈಪಾಸ್ ಯಾಕೆ ಬೇಕು ಎಂದರೆ, ಪಡಸಾಲೆಯ ನಡುವೆ ಹಾದುಹೋಗುವ ಕಾಲುದಾರಿಯನ್ನು ನೆನೆಯಿರಿ. ಮನೆಯವರು ಎಷ್ಟೇ ಒಳ್ಳೆಯವರಾದರೂ ದಿನಕ್ಕೆ ಸಾವಿರ ಜನ ಪಡಸಾಲೆ ದಾಟಿದರೆ ಮನೆಯವರಿಗೂ ನೆಮ್ಮದಿಯಿಲ್ಲ, ದಾಟುವವರಿಗೂ ತಡ. ಮುಂಬೈನಿಂದ ಬೆಂಗಳೂರಿಗೆ ಹೋಗುವ ಲಾರಿಗೆ ದಾವಣಗೆರೆಯ ಸಂತೆಯಲ್ಲಿ ಕೆಲಸವಿಲ್ಲ. ಆದರೆ ಆ ಲಾರಿಯವನ ಊಟ, ಚಹಾ, ಪಂಕ್ಚರ್ ನಂಬಿ ಬದುಕುತ್ತಿದ್ದ ಅಂಗಡಿಗಳಿಗೆ ಬೈಪಾಸ್ ಕಷ್ಟ ತಂದದ್ದೂ ನಿಜ. ಊರೊಳಗಿನ ರಸ್ತೆ ಮಾತ್ರ ಹಳೆಯ ಹೆಸರನ್ನು ಉಳಿಸಿಕೊಂಡಿತು. ಹೀಗೆ ಪಿ.ಬಿ. ರಸ್ತೆ ಒಂದು, ಹೆದ್ದಾರಿ ಇನ್ನೊಂದು ಆದವು.

ಹಳೆಯ ರಸ್ತೆಯನ್ನು ನೀವೇ ಹುಡುಕುವ ಬಗೆ

ಇದು ನನಗೆ ತುಂಬ ಇಷ್ಟದ ಕೆಲಸ. ಫೋನಿನಲ್ಲಿ ಉಪಗ್ರಹ ನಕ್ಷೆ ತೆರೆದು ಹಿರಿಯೂರಿನಿಂದ ಹರಿಹರದವರೆಗೆ ಹೆದ್ದಾರಿಯ ಮೇಲೆ ನಿಧಾನವಾಗಿ ಬೆರಳಾಡಿಸಿ. ದೊಡ್ಡ ರಸ್ತೆಯಿಂದ ಬಿಲ್ಲಿನಂತೆ ಬಾಗಿ ಊರೊಳಗೆ ಹೋಗಿ ಮತ್ತೆ ಬಂದು ಸೇರುವ ಸಣ್ಣ ರಸ್ತೆ ಕಂಡರೆ ಅದು ಬಹುತೇಕ ಹಳೆಯ ಹೆದ್ದಾರಿಯ ತುಂಡು. ಹೊಸ ರಸ್ತೆ ಕೆರೆಯ ಏರಿಯನ್ನೂ ಗುಡ್ಡವನ್ನೂ ಸೀಳಿಕೊಂಡು ನೇರ ಹೋಗುತ್ತದೆ. ಹಳೆಯದು ಎತ್ತಿಗೆ ಏರು ಆಗದ ಹಾಗೆ ಬಳಸಿಕೊಂಡು ಹೋಗಿರುತ್ತದೆ.

ಆಮೇಲೆ ಅಲ್ಲಿಗೆ ಹೋಗಿ ನೋಡಿ. ಎರಡೂ ಬದಿ ಹಳೆಯ ಹುಣಸೆ, ಆಲ, ಬೇವಿನ ಮರಗಳು ಒಂದೇ ಅಂತರದಲ್ಲಿ ನಿಂತಿದ್ದರೆ ಅದು ತಾನಾಗಿ ಬೆಳೆದದ್ದಲ್ಲ, ಸಾಲುಮರ. ಅಗಲೀಕರಣದಲ್ಲಿ ಹೆಚ್ಚಿನವು ಉರುಳಿದವು, ಬಿಟ್ಟುಹೋದ ಬಿಲ್ಲುಗಳಲ್ಲಿ ಮಾತ್ರ ಕೆಲವು ಉಳಿದಿವೆ. ಆ ನೆರಳಿನಲ್ಲಿ ನಿಂತಾಗಲೆಲ್ಲ ನನಗೆ ಗಾಡಿಯ ಗಂಟೆ ಸದ್ದು ಕೇಳಿದಂತಾಗುತ್ತದೆ. ಗಾರೆ ಕಮಾನಿನ ಸಣ್ಣ ಮೋರಿ, ಮೈಲಿಯ ಅಂಕಿ ಕೊರೆದ ಕಲ್ಲು, ಊರಂಚಿನ ಹಳೆಯ ಪ್ರವಾಸಿ ಮಂದಿರ, ಛತ್ರದ ಕಟ್ಟೆ ಇವೆಲ್ಲ ಸಾಕ್ಷಿ. ಇಂದಿನ ಕಿಲೋಮೀಟರ್ ಕಲ್ಲುಗಳನ್ನೂ ಗಮನಿಸಿ: ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಗ್ರಾಮೀಣ ರಸ್ತೆ.

ಇನ್ನೂ ಗಟ್ಟಿ ದಾಖಲೆ ಬೇಕಾದರೆ ಗ್ರಾಮ ನಕಾಶೆ ನೋಡಬೇಕು. ಮೈಸೂರು ಸೀಮೆಯ ಕಂದಾಯ ಸರ್ವೆ 1863ರಲ್ಲಿ ಇದೇ ಚಿತ್ರದುರ್ಗದ ಕಡೆಯಿಂದ ಶುರುವಾಯಿತು. ನಕಾಶೆಯಲ್ಲಿ ಗಾಡಿ ದಾರಿ, ಕಾಲುದಾರಿಗಳನ್ನು ಬೇರೆ ಗೆರೆಗಳಲ್ಲಿ ತೋರಿಸಿರುತ್ತಾರೆ. ಸಾರ್ವಜನಿಕ ದಾರಿಗೆ ಬಿಟ್ಟ ನೆಲ ಪಹಣಿಯಲ್ಲಿ ‘ಬಿ ಖರಾಬು’ ಎಂದು ಬರುತ್ತದೆ. ಹೊಲದ ಬದುವಿನಲ್ಲಿ ಕಾರಣವಿಲ್ಲದೆ ಉದ್ದಕ್ಕೆ ಹರಿದ ಖರಾಬು ಕಂಡರೆ ಅದು ಎಲ್ಲಿಂದ ಎಲ್ಲಿಗೆ ಎಂದು ಪಕ್ಕದ ಊರಿನ ನಕಾಶೆಯಲ್ಲೂ ಹಿಡಿದು ಹೋಗಿ. ಎಷ್ಟೋ ಸಲ ಒಂದು ಮರೆತ ದಾರಿ ಎದ್ದು ಬರುತ್ತದೆ.

ಮಾವನ ಪ್ರಶ್ನೆ

ಪುಣೆ–ಬೆಂಗಳೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಉದ್ದ ಯೋಜನೆಯ ಪ್ರಕಾರ ಸುಮಾರು 700 ಕಿ.ಮೀ. ಕರ್ನಾಟಕದಲ್ಲಿ ಅದು ಬೆಳಗಾವಿ, ಬಾಗಲಕೋಟೆ, ಗದಗ, ಕೊಪ್ಪಳ, ವಿಜಯನಗರ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳನ್ನು ಹಾಯುವಂತೆ ಗೆರೆ ಎಳೆದಿದ್ದಾರೆ. ಧಾರವಾಡ, ಹಾವೇರಿ ಈ ಪಟ್ಟಿಯಲ್ಲಿಲ್ಲ. ಹಳೆಯ ದಾರಿ ಊರಿಂದೂರಿಗೆ ಹೊಲಿದುಕೊಂಡು ಹೋಗುತ್ತಿತ್ತು, ಯಾಕೆಂದರೆ ಎತ್ತಿಗೆ ನೀರು ಬೇಕಿತ್ತು. ಎಕ್ಸ್‌ಪ್ರೆಸ್ ಹೆದ್ದಾರಿಯ ಲೆಕ್ಕ ತದ್ವಿರುದ್ಧ. ಅದು ಊರು ಕಡಿಮೆ ಇರುವ, ಕಟ್ಟಡ ಒಡೆಯಬೇಕಿಲ್ಲದ, ನೇರ ಎಳೆಯಬಹುದಾದ ನೆಲವನ್ನು ಹುಡುಕುತ್ತದೆ. ಇದಕ್ಕೆ ‘ಗ್ರೀನ್‌ಫೀಲ್ಡ್’ ಎಂಬ ಹೆಸರಿದೆ, ಮೊದಲು ರಸ್ತೆಯೇ ಇಲ್ಲದ ಹೊಲಗದ್ದೆಯ ಮೇಲೆ ಹೊಸದಾಗಿ ಕಟ್ಟುವುದು ಎಂದರ್ಥ. ಹಾಗಾಗಿ ಗೆರೆ ಪೂರ್ವಕ್ಕೆ ವಾಲಿದೆ. ಒಂದಾನೊಂದು ಕಾಲದಲ್ಲಿ ಇಸಿಲದ ಓಲೆ ಬರುತ್ತಿದ್ದುದೂ ಆ ಪೂರ್ವದ ಬಯಲಿನಲ್ಲೇ.

ಮಾವನಿಗೆ ಇದಕ್ಕಿಂತ ಮುಖ್ಯವಾಗಿ ಬೇಕಿದ್ದದ್ದು, ಮುಂದೇನಾಗುತ್ತದೆ ಎಂಬುದು. ಹೆದ್ದಾರಿಗೆ ನೆಲ ಪಡೆಯುವುದು 1956ರ ಅದೇ ಕಾಯ್ದೆಯ ಕೆಳಗೆ. ಮೊದಲು ಅದರ 3ಎ ಕಲಮಿನ ಅಧಿಸೂಚನೆ ಬರುತ್ತದೆ: ಇಂಥ ಸರ್ವೆ ನಂಬರಿನ ನೆಲ ಬೇಕಾಗಿದೆ ಎಂಬ ಇರಾದೆ ಅಷ್ಟೇ. ಅಲ್ಲಿಂದ 21 ದಿನದೊಳಗೆ 3ಸಿ ಪ್ರಕಾರ ಲಿಖಿತ ಆಕ್ಷೇಪಣೆ ಕೊಡಬಹುದು. ಕೊಟ್ಟವರ ಮಾತನ್ನು ಅಧಿಕಾರಿ ಕೇಳಲೇಬೇಕು. ಆಮೇಲೆ 3ಡಿ ಘೋಷಣೆ, ಅದರೊಂದಿಗೆ ನೆಲ ಸರ್ಕಾರಕ್ಕೆ ಸೇರುತ್ತದೆ. 3ಎ ಬಂದ ಒಂದು ವರ್ಷದೊಳಗೆ 3ಡಿ ಬರದಿದ್ದರೆ ಮೊದಲಿನ ಅಧಿಸೂಚನೆ ಬಿದ್ದುಹೋಗುತ್ತದೆ. ಪರಿಹಾರ ಎಷ್ಟೆಂದು ನಿಗದಿಯಾಗುವುದು 3ಜಿಯಲ್ಲಿ. 2015ರಿಂದ ಆ ಲೆಕ್ಕ 2013ರ ಭೂಸ್ವಾಧೀನ ಕಾಯ್ದೆಯ ದರಗಳಂತೆ ನಡೆಯುತ್ತದೆ. ಹಳ್ಳಿಯಲ್ಲಿ ಹಬ್ಬಿದ ಸುದ್ದಿಗೂ, ಹೊಲದಲ್ಲಿ ನೆಟ್ಟ ಗುರುತುಗಲ್ಲಿಗೂ ಈ ಅಧಿಸೂಚನೆಯ ಬೆಲೆಯಿಲ್ಲ.

3ಎ ಅಧಿಸೂಚನೆಯ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಕಬೇಕು, ಒಂದು ಆ ನೆಲದ ಭಾಷೆಯದ್ದೇ ಆಗಿರಬೇಕು ಎಂದು ಕಾಯ್ದೆ ಹೇಳುತ್ತದೆ. ಇದನ್ನು ಹೇಳಿದ ಮೇಲೆ ಮಾವ ದಿನಾ ಬೆಳಿಗ್ಗೆ ಹೋಟೆಲಿಗೆ ಬರುವ ಪತ್ರಿಕೆಯಲ್ಲಿ ಒಳಪುಟದ ಸಣ್ಣಕ್ಷರದ ಪ್ರಕಟಣೆಗಳನ್ನು ಮೊದಲು ಓದುತ್ತಾರೆ. ಸರ್ವೆ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ.